ಎಂಟು ಜೊತೆ ಕೈಗವಸು

ನಾನು ಬರೆದ ಹನ್ನೆರಡು ಸಾಲಿನ ಒಂದು ಸುದ್ದಿಯನ್ನು ಸರಿಯಾಗಿ ಓದಿದವರು ಒಬ್ಬರೇ. ಉಳಿದವರು ಮೆಚ್ಚಿದರು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ವರ್ಷಗಳು. ತಿಪಟೂರಿನಲ್ಲಿ ಸೈಕಲ್ ಶಾಪೊಂದರ ಮೇಲಿನ ಕೋಣೆಯಲ್ಲಿ ಕೂತು ನಾನು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತಿದ್ದೆ. ಕೊಬ್ಬರಿ ಧಾರಣೆ, ತಾಲ್ಲೂಕು ಬೋರ್ಡಿನ ಸಭೆ, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಲಾರಿ ಮಗುಚಿದ್ದು, ಕೆರೆ ಕೋಡಿ ಬಿದ್ದದ್ದು. ಬರೆದದ್ದನ್ನು ಕವರಿಗೆ ಹಾಕಿ ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಆ ದಿನದ ಕೆಲಸ ಮುಗಿಯಿತು. ವಾರಕ್ಕೊಂದು ಸಲ ಡೆಸ್ಕಿನವರು "ಏನಾದರೂ ಸ್ವಾರಸ್ಯದ್ದು ಕಳಿಸಿ" ಎನ್ನುತ್ತಿದ್ದರು. ಕೆಂಡ ಹಿಡಿಯುವವನ ಸುದ್ದಿ ಹೋದದ್ದು ಹಾಗೆ.

ಅವನನ್ನು ನಾನು ಕಂಡದ್ದು ಹೊನ್ನವಳ್ಳಿ ಕಡೆಯ ಒಂದು ತೋಟದಲ್ಲಿ. ನಮ್ಮ ಕಡೆ ಕೊಬ್ಬರಿಗೆಂದು ಇಟ್ಟ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇರುತ್ತದೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನತೊಡಗಿದ ಮೇಲೆ ತೋಟದವರು ಸುಲಿಯುವವರಿಗೆ ಹೇಳಿಕಳಿಸುತ್ತಾರೆ. ಸುಲಿಯುವವರು ಗುಂಪಾಗಿ ಬರುತ್ತಾರೆ. ಆ ಗುಂಪಿನಲ್ಲಿ ಮೇಸ್ತ್ರಿಯೂ ಸೇರಿ ಎಂಟು ಜನ. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಯ ಮೇಲೆ ಕಾಯಿಯನ್ನು ಎರಡು ಕೈಯಲ್ಲಿ ಕುಕ್ಕಿ, ಒಂದು ತಿರುವು ತಿರುವಿದರೆ ಸಿಪ್ಪೆ ಬಾಯಿಬಿಡುತ್ತದೆ. ಮೂರು ನಾಲ್ಕು ತಿರುವಿಗೆ ಕಾಯಿ ಬೋಳಾಗಿ ಪಕ್ಕಕ್ಕೆ ಉರುಳುತ್ತದೆ. ನೋಡುವವರಿಗೆ ಸಲೀಸು. ಮಾಡುವವರ ಅಂಗೈ ಎರಡು ವರ್ಷದಲ್ಲಿ ಚಪ್ಪಲಿಯ ಅಟ್ಟೆಯಂತಾಗುತ್ತದೆ.

ಚಹಾದ ಹೊತ್ತಿಗೆ ಕರಟದ ಬೆಂಕಿ ಹಾಕಿದ್ದರು. ಬೀಡಿ ಹಚ್ಚಲು ನಾನು ಜೇಬು ತಡಕುತ್ತಿದ್ದಾಗ ಮೇಸ್ತ್ರಿ ನಕ್ಕ. "ಬೆಂಕಿಪೊಟ್ಣ ಯಾಕ್ ಸ್ವಾಮಿ? ನಮ್ ಗುಂಪಲ್ಲಿ ಬೆಂಕಿಪೊಟ್ಣ ಇಟ್ಕಂಡೋನೇ ಇಲ್ಲ. ಏಯ್, ಬಾರ್ಲಾ ಇಲ್ಲಿ, ಪೇಪರ್ನೋರಿಗೆ ಬೆಂಕಿ ಕೊಡು."

ಮೂವತ್ತರ ಆಸುಪಾಸಿನ, ಎತ್ತರದ, ಮಾತು ಕಡಿಮೆಯ ಆಳು ಎದ್ದು ಬಂದ. ಬೆಂಕಿಗೆ ಬಾಗಿ, ಕೆಂಪಗೆ ಉರಿಯುತ್ತಿದ್ದ ಕರಟದ ಚೂರೊಂದನ್ನು ಬಲಗೈಯಲ್ಲಿ ಎತ್ತಿ, ಒಬ್ಬೊಬ್ಬರ ಬೀಡಿಗೂ ತೋರಿಸುತ್ತ ಬಂದ. ಆತುರವಿರಲಿಲ್ಲ. ಐದು ಬೀಡಿ ಹೊತ್ತಿದ ಮೇಲೆ ಚೂರನ್ನು ಬೆಂಕಿಗೆ ಎಸೆದು ಕೈ ಕೊಡವಿಕೊಂಡ. ಗುಂಪಿನವರು ನನ್ನ ಮುಖ ನೋಡುತ್ತಿದ್ದರು. ಇದು ಅವರ ಗುಂಪಿನ ವಿದ್ಯೆ, ಹೊರಗಿನವರಿಗೆ ತೋರಿಸುವಂಥದ್ದು.

"ಸುಡೋದಿಲ್ವೇನಪ್ಪ?" ಅಂದೆ.

"ಕಾಯಿ ಸುಲ್ದೂ ಸುಲ್ದೂ ಜಡ್ಡುಗಟ್ಟೈತೆ ಸ್ವಾಮಿ" ಅಂದ ಅವನು.

"ನಾವೂ ಸುಲ್ದಿದೀವಿ ಕಣ್ಲಾ, ನಮ್ಗ್ಯಾಕೆ ಸುಡ್ತದೆ?" ಅಂತ ಒಬ್ಬ ಕೆಣಕಿದ.

"ನಿಂದು ಕೈ, ಅವುಂದು ಎಮ್ಮೆ ಚರ್ಮ" ಅಂತ ಮೇಸ್ತ್ರಿ ತೀರ್ಪು ಕೊಟ್ಟ. ಎಲ್ಲರೂ ನಕ್ಕರು. ಅವನೂ ನಕ್ಕ.

ಕಂಡದ್ದನ್ನು ಕಂಡ ಹಾಗೆ ಬರೆದೆ. ಕೆಂಡವನ್ನು ಅವನು ಹಿಡಿದದ್ದು ಹೆಬ್ಬೆರಳು, ತೋರುಬೆರಳಲ್ಲಿ ಅಲ್ಲ. ಕಿರುಬೆರಳು ಮತ್ತು ಉಂಗುರದ ಬೆರಳ ನಡುವೆ, ಅಂಗೈಯ ಹೊರ ಅಂಚಿಗೆ ಒತ್ತಿ. ಅಲ್ಲಿ ಎರಡು ಹಳೆಯ ಸುಟ್ಟ ಕಲೆಗಳಿದ್ದವು. ಅದನ್ನೂ ಸೇರಿಸಿದೆ, ಪದಕಗಳ ಹಾಗೆ. ಅವನ ಹೆಸರು, ಊರು ಎರಡೂ ಸುದ್ದಿಯಲ್ಲಿದ್ದವು. ಇಲ್ಲಿ ಬರೆಯುವುದಿಲ್ಲ, ಕಾರಣ ಮುಂದೆ ಬರುತ್ತದೆ. ಡೆಸ್ಕಿನವರು ಚೌಕಟ್ಟು ಕಟ್ಟಿ ಹಾಕಿದರು. ಊರಿನಲ್ಲಿ ನಾಲ್ಕು ದಿನ ಮಾತಾಯಿತು.

ಹತ್ತು ದಿನ ಕಳೆದಿರಬೇಕು. ನನ್ನ ಕೋಣೆಯ ಮೆಟ್ಟಿಲು ಹತ್ತಿ ಒಬ್ಬರು ಬಂದರು. ಐವತ್ತು ದಾಟಿದವರು. ಪ್ಯಾಂಟಿನ ಕಾಲಿಗೆ ಸೈಕಲ್ ಕ್ಲಿಪ್ಪು, ಹೆಗಲಿಗೆ ಖಾಕಿ ಚೀಲ. ಜೇಬಿನಿಂದ ಮಡಿಸಿದ ಒಂದು ಪತ್ರಿಕೆಯ ತುಂಡು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ನನ್ನ ಸುದ್ದಿ. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ.

"ಕಿರುಬೆರಳು ಮತ್ತು ಉಂಗುರದ ಬೆರಳ ನಡುವೆ ಅಂತ ಬರೆದಿದ್ದೀರಿ. ಕಂಡು ಬರೆದಿರೋ, ಅಂದಾಜಿಗೆ ಬರೆದಿರೋ?"

"ಕಂಡು."

"ಹಾಗಾದರೆ ನಾನು ಆ ಕೈ ನೋಡಬೇಕು."

ಅವರು ಯಾರೆಂಬುದು ಆಮೇಲೆ ತಿಳಿಯಿತು. ಕುಷ್ಠರೋಗದವರ ಚಿಕಿತ್ಸೆಗೆಂದು ಕೆಲವರು ಸೇರಿ ನಡೆಸುತ್ತಿದ್ದ ಒಂದು ಸಣ್ಣ ಸೇವಾ ಸಂಸ್ಥೆಯ ಕಾರ್ಯಕರ್ತರು. ತುರುವೇಕೆರೆ ಕಡೆಯ ಹಳ್ಳಿಗಳು ಅವರ ಪಾಲು. ಶಾಲೆಗಳಲ್ಲಿ ಮಕ್ಕಳ ಅಂಗಿ ತೆಗೆಸಿ ಬೆನ್ನು ನೋಡುವುದು, ಮನೆಮನೆಗೆ ಹೋಗಿ ಮೈಮೇಲೆ ಬಣ್ಣಗೆಟ್ಟ ಮಚ್ಚೆ ಇದೆಯೇ ಎಂದು ಕೇಳುವುದು, ಇದ್ದವರಿಗೆ ತಿಂಗಳು ತಿಂಗಳು ಮಾತ್ರೆ ಮುಟ್ಟಿಸುವುದು. ಆ ಕಡೆ ಜನ ಅವರನ್ನು ಮಚ್ಚೆ ಮೇಷ್ಟ್ರು ಎನ್ನುತ್ತಿದ್ದರು. ಅವರ ಸೈಕಲ್ ಬೀದಿಗೆ ತಿರುಗಿದರೆ ಬಾಗಿಲು ಮುಚ್ಚುತ್ತಿದ್ದವು. ಮೂರು ನಾಲ್ಕು ಸಲ ಹೋದ ಮೇಲೆ ಅದೇ ಬಾಗಿಲು ಅರ್ಧ ತೆರೆಯುತ್ತಿತ್ತಂತೆ. "ಅರ್ಧ ಸಾಕು, ಕೈ ಆಚೆ ಬಂದರೆ ಆಯ್ತು" ಎನ್ನುತ್ತಿದ್ದರು.

ಅವತ್ತು ನನಗೆ ಹೇಳಿದ್ದು ಇಷ್ಟು. ಈ ಕಾಯಿಲೆ ಮೊದಲು ಹಿಡಿಯುವುದು ನರವನ್ನು. ಮೊಣಕೈ ಹಿಂದೆ ಹಾದುಹೋಗುವ ಒಂದು ನರ ಕೆಟ್ಟರೆ, ಕಿರುಬೆರಳು, ಅದರ ಪಕ್ಕದ ಬೆರಳು, ಅಂಗೈಯ ಆ ಅಂಚು ಸ್ಪರ್ಶ ಕಳೆದುಕೊಳ್ಳುತ್ತವೆ. ಹೆಬ್ಬೆರಳ ಕಡೆ ಚೆನ್ನಾಗಿಯೇ ಇರುತ್ತದೆ. "ಜಡ್ಡು ಕಟ್ಟಿದ್ದರೆ ಅಂಗೈಯೆಲ್ಲ ಕಟ್ಟಬೇಕಲ್ಲ? ಅವನು ಕೆಂಡ ಹಿಡಿಯೋಕೆ ಆ ಜಾಗವನ್ನೇ ಯಾಕೆ ಹುಡುಕಿಕೊಂಡ? ಅಲ್ಲಿ ಬಿಸಿ ಗೊತ್ತಾಗ್ತಿಲ್ಲ, ಅದಕ್ಕೆ. ಇದು ಧೈರ್ಯ ಅಲ್ಲ ಸಾರ್. ಹೀಗೇ ಬಿಟ್ಟರೆ ಬೆರಳು ಮಡಚಿಕೊಳ್ಳುತ್ತೆ, ಗಾಯ ಕೊಳೆಯುತ್ತೆ, ಕಡೆಗೆ ಬೆರಳೇ ಉಳಿಯಲ್ಲ."

ನಾನು ತುಂಡನ್ನು ಮತ್ತೆ ಓದಿದೆ. ಯಾರು, ಎಲ್ಲಿ, ಯಾವಾಗ, ಹೇಗೆ, ಎಲ್ಲ ಇತ್ತು. ಏಕೆ ಎಂಬುದೊಂದು ಇರಲಿಲ್ಲ. ಆ ಪ್ರಶ್ನೆಯನ್ನು ಗುಂಪಿನವನೊಬ್ಬ ನನ್ನೆದುರೇ ಕೇಳಿದ್ದ. ಉತ್ತರಕ್ಕೆ ಬದಲು ಬಂದ ತಮಾಷೆಯನ್ನು ನಾನು ಬರೆದುಕೊಂಡು ಬಂದಿದ್ದೆ.

ಇವತ್ತೇ ಹೊರಡೋಣ ಅಂದೆ. ಮೇಷ್ಟ್ರು ತಲೆಯಾಡಿಸಿದರು. ಆ ಕಡೆ ತಮ್ಮ ಮುಖ ಯಾರಿಗೂ ಗೊತ್ತಿಲ್ಲ, ಆದರೆ ಸೈಕಲ್ಲಿನ ಸುದ್ದಿ ಅಲ್ಲಿಗೂ ಹೋಗಿರುತ್ತದೆ. ನೇರ ಹೋಗಿ ಒಬ್ಬನ ಕೈ ಹಿಡಿದರೆ ಅವನ ಕಥೆ ಅಲ್ಲಿಗೆ ಮುಗಿಯಿತು. "ಅವನು ಸುಲಿದ ಕಾಯಿ ದೇವರ ಮುಂದೆ ಒಡೀತಾರೆ. ಮದುವೇಲಿ ಅದೇ ಕೊಬ್ಬರಿ ಹೆಣ್ಣಿನ ಮಡಿಲಿಗೆ ಹಾಕ್ತಾರೆ. ದೊಡ್ಡ ರೋಗದ ಕೈ ಮುಟ್ಟಿದ್ದು ಅಂತ ಒಂದು ಮಾತು ಹೊರಡಲಿ, ಯಾವ ತೋಟದವರು ಕರೀತಾರೆ? ಈ ಕಾಯಿಲೆಗೆ ಮಾತ್ರೆ ಇದೆ. ಆ ಮಾತಿಗೆ ಮಾತ್ರೆ ಇಲ್ಲ."

ಅವರು ಮಾಡಿದ್ದು ಹೀಗೆ. ನಾಲ್ಕು ದಿನ ಬಿಟ್ಟು, ಸೈಕಲ್ಲನ್ನೂ ಖಾಕಿ ಚೀಲವನ್ನೂ ನನ್ನ ಕೋಣೆಯಲ್ಲಿ ಬಿಟ್ಟು, ನನ್ನ ಜೊತೆ ಬಸ್ಸಿನಲ್ಲಿ ಬಂದರು. ಗುಂಪು ಬೇರೆ ತೋಟಕ್ಕೆ ಹೋಗಿತ್ತು, ಕೇಳಿಕೊಂಡು ಹೋದೆವು. ಕಾಯಿ ಸುಲಿಯುವವರ ಕೈಗಾಯ ನೋಡಲು ಒಂದು ಸೇವಾ ಸಂಸ್ಥೆಯಿಂದ ಬಂದಿದ್ದೇವೆ, ಮುಲಾಮು ಹಾಕುತ್ತೇವೆ ಅಂದರು. ಅದು ಆ ಗಳಿಗೆಯವರೆಗೆ ನಿಜವಲ್ಲ. ಆದರೆ ಮುಂದಿನ ಎರಡು ಮೂರು ತಿಂಗಳು ಅವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಗುಂಪು ಗುಂಪಿಗೂ ಹೋಗಿ ಸುಲಿಯುವವರ ಕೈ ನೋಡಿದರು. ಒಬ್ಬನಿಗಾಗಿ ಆಡಿದ ಮಾತನ್ನು ನಿಜ ಮಾಡುವುದಕ್ಕೆ ಅಷ್ಟು ತಿರುಗಿದವರನ್ನು ನಾನು ಆಮೇಲೆ ಕಂಡಿಲ್ಲ.

ಎಂಟೂ ಜನ ಸಾಲಾಗಿ ಕೂತರು, ಮೇಸ್ತ್ರಿ ಮೊದಲಿಗ. ಗಾಯಗಳನ್ನು ತೊಳೆದು ನೇರಳೆ ಔಷಧಿ ಹಚ್ಚಿದ್ದಾಯಿತು. ಆಮೇಲೆ ಮೇಷ್ಟ್ರು ಕಣ್ಣು ಮುಚ್ಚಿಸಿ, ಬಾಲ್‌ಪೆನ್ನಿನ ತುದಿಯಿಂದ ಅಂಗೈಯ ಅಲ್ಲಲ್ಲಿ ಮುಟ್ಟಿ, ಎಲ್ಲಿ ಮುಟ್ಟಿದೆ ಎಂದು ಕೇಳತೊಡಗಿದರು.

"ಇದೇನ್ ಸ್ವಾಮಿ, ಕಣ್ಣಾಮುಚ್ಚಾಲೆ?" ಅಂತ ಒಬ್ಬ.

"ಸುಮ್ಕಿರ್ಲಾ, ಕಚಗುಳಿ ಆಯ್ತದೆ" ಅಂತ ಇನ್ನೊಬ್ಬ.

ಏಳೂ ಜನ, ಅಷ್ಟು ದಪ್ಪ ಚರ್ಮವಿದ್ದರೂ, ತಪ್ಪದೆ ಜಾಗ ತೋರಿಸಿದರು. ಕೊನೆಗೆ ಅವನ ಸರದಿ. ಹೆಬ್ಬೆರಳ ಬುಡ, ಸರಿ. ಅಂಗೈಯ ನಡು, ಸರಿ. ಕಿರುಬೆರಳ ಕೆಳಗೆ ಪೆನ್ನು ತಗುಲಿತು. ಅವನು ಸುಮ್ಮನೆ ಕೂತಿದ್ದ. ಮತ್ತೊಮ್ಮೆ ತಗುಲಿತು. ಮೂರನೆಯ ಸಲ ಚರ್ಮ ಒಳಕ್ಕೆ ಹೋಗುವಷ್ಟು ಒತ್ತಿತು.

"ಮುಟ್ಟಿ ಮತ್ತೆ, ಯಾಕ್ ಸುಮ್ಕಾದ್ರಿ?" ಅಂದ, ಕಣ್ಣು ಮುಚ್ಚಿಕೊಂಡೇ.

ಮೇಷ್ಟ್ರು ಮೊದಲ ಏಳು ಜನರ ಹೆಸರಿನ ಮುಂದೆ ಹಾಕಿದ್ದ ಹಾಗೆಯೇ ಒಂದು ಗೀಟು ಹಾಕಿ, ಅದೇ ದನಿಯಲ್ಲಿ "ಸರಿ, ಕಣ್ಣು ಬಿಡು. ಎಲ್ಲರೂ ಒಂದ್ಸಲ ಮೊಣಕೈ ಮಡಿಸಿ" ಅಂದರು. ಎಂಟೂ ಜನರ ಮೊಣಕೈಯ ಹಿಂದೆ ಬೆರಳಾಡಿಸಿದರು. ಬೆವರಿದ್ದೀರಿ, ಅಂಗಿ ತೆಗೆಯಿರಿ ಅಂತ ಎಂಟೂ ಬೆನ್ನು ನೋಡಿದರು. ಅವನ ಎಡ ಹೆಗಲ ಕೆಳಗೆ ಅಂಗೈಯಗಲದ ಒಂದು ಮಚ್ಚೆಯಿತ್ತು, ಸುತ್ತಲಿನ ಚರ್ಮಕ್ಕಿಂತ ತುಸು ಬಿಳಿಚಿದ್ದು. ಬೆನ್ನೆಲ್ಲ ಬೆವರಿತ್ತು, ಅದೊಂದು ಜಾಗ ಒಣಗಿತ್ತು.

ಸೋಮವಾರ ಅವನನ್ನು ನನ್ನ ಕೋಣೆಗೆ ಬರಹೇಳಿದ್ದೆ, ಅವನ ಸುದ್ದಿ ಬಂದ ಪತ್ರಿಕೆಯ ಪ್ರತಿ ಕೊಡುತ್ತೇನೆಂದು. ಸಂತೆಗೆ ಬಂದವನು ಹಾಗೆಯೇ ಹತ್ತಿಬಂದ. ಮೇಷ್ಟ್ರು ಒಳಗಿದ್ದರು. ಬಾಗಿಲು ಹಾಕಿ, ಅವನನ್ನು ಎದುರಿಗೆ ಕೂರಿಸಿಕೊಂಡು, ಆ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. ಮಾತಿಗೆ ಅರ್ಧ ಗಂಟೆಯಾದರೂ ಹಿಡಿದಿರಬೇಕು. ಅಷ್ಟು ಹೊತ್ತೂ ಆ ಕೈಯನ್ನು ಕೆಳಗಿಡಲಿಲ್ಲ. ಕಾಯಿಲೆಯ ಹೆಸರು ಹೇಳಿದಾಗ ಅವನು ಕೈ ಎಳೆದುಕೊಳ್ಳಲು ನೋಡಿದ, ಅವರು ಬಿಡಲಿಲ್ಲ.

ಅವನು ಕೇಳಿದ ಮೊದಲ ಪ್ರಶ್ನೆ: "ನನ್ ಕೆಲ್ಸ ಹೋಯ್ತಾ?"

"ಕೆಲಸ ಹೋಗಲ್ಲ. ಕೆಂಡ ಹಿಡಿದರೆ ಕೈ ಹೋಗುತ್ತೆ."

"ಮೇಸ್ತ್ರಿಗೆ ಗೊತ್ತಾದ್ರೆ ಬುಡ್ತಾನಾ? ತೋಟದೋರು ಬುಡ್ತಾರಾ?"

"ನನ್ನ ಬಾಯಿಂದ ಗೊತ್ತಾಗಲ್ಲ. ಇವರ ಬಾಯಿಂದಲೂ ಗೊತ್ತಾಗಲ್ಲ" ಎಂದು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಪತ್ರಿಕೆಯವನಾಗಿ ನಾನು ಕೊಟ್ಟ ಮಾತುಗಳಲ್ಲಿ ಇಷ್ಟು ವರ್ಷ ಉಳಿದದ್ದು ಅದೊಂದೇ ಇರಬಹುದು.

ಅವನಿಗಿದ್ದದ್ದು ಇನ್ನೊಬ್ಬರಿಗೆ ಹರಡುವ ಬಗೆಯದಲ್ಲ. ದಿನಕ್ಕೊಂದು ಬಿಳಿ ಮಾತ್ರೆ, ಕೆಲವು ವರ್ಷ. ಸಂಜೆ ಕೈಯನ್ನು ನೀರಿನಲ್ಲಿ ನೆನೆಸಿ, ಕೊಬ್ಬರಿ ಎಣ್ಣೆ ಸವರಿ, ಸೀಳು, ಬೊಬ್ಬೆ, ಮುಳ್ಳು ಏನಾದರೂ ಇದೆಯೇ ಎಂದು ಕಣ್ಣಿನಿಂದ ಹುಡುಕಬೇಕು. ಕೈ ತಾನಾಗಿ ಹೇಳುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಹೇಳಲೇಬೇಕು ಅಂದರು ಮೇಷ್ಟ್ರು. ಅವನು ಹೆಂಡತಿಗೆ ಹೇಳಲು ಎಂಟು ದಿನ ತೆಗೆದುಕೊಂಡ. ತವರಿಗೆ ಹೊರಟುಬಿಡುತ್ತಾಳೆಂದು ಹೆದರಿದ್ದ. ನಡೆದದ್ದನ್ನು ಆಮೇಲೆ ಅವನೇ ನನಗೆ ಹೇಳಿದ. ಆಕೆ "ಮಕ್ಳಿಗೆ ಬತ್ತದಾ?" ಎಂದು ಕೇಳಿದಳು. "ಇಲ್ಲ ಅಂತವ್ರೆ" ಅಂದ. "ಹಂಗಾರೆ ತೋರ್ಸು ಇಲ್ಲಿ" ಅಂತ ಕೈ ಎಳೆದುಕೊಂಡು ಬೆಳಕಿಗೆ ಹಿಡಿದಳು. ಅವತ್ತಿನಿಂದ ಐದು ವರ್ಷ ಆ ಕೈಯನ್ನು ದಿನಾ ನೋಡಿದವಳು ಅವಳು. ಅಕ್ಷರ ಬಾರದ ಆಕೆಯಷ್ಟು ಎಚ್ಚರದಿಂದ ಓದುವವರು ನಮ್ಮ ಡೆಸ್ಕಿನಲ್ಲೂ ಇರಲಿಲ್ಲ.

ಮಾತ್ರೆ ಮುಟ್ಟಿಸುವ ಜಾಗ ನನ್ನ ಕೋಣೆಯಾಯಿತು. ಮೇಷ್ಟ್ರು ತಿಂಗಳಿಗೊಮ್ಮೆ ಪೊಟ್ಟಣ ಇಟ್ಟುಹೋಗುತ್ತಿದ್ದರು. ಅವನು ಸಂತೆಯ ದಿನ ಬಂದು ಒಯ್ಯುತ್ತಿದ್ದ. ಪೇಪರಿನಲ್ಲಿ ಹೆಸರು ಬಂದವನು ಪೇಪರಿನವನ ಹತ್ತಿರ ಹೋಗುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಅನುಮಾನದ ಬದಲು ಬೇರೊಂದು ಬಂತು. ಕೆಳಗೆ ಸೈಕಲ್ ಶಾಪಿನಲ್ಲಿ ಗುಂಪಿನವರು ಕಾಯುತ್ತ ಕೂಗುತ್ತಿದ್ದರು: "ಏನ್ಲಾ, ಇನ್ನೊಂದ್ಸಲ ಹಾಕುಸ್ಕತೀಯಾ? ಫೋಟೋ ಸಮೇತ ಹಾಕ್ಸು ಬುಡು!" ಹೆಸರಿನ ಹುಚ್ಚು ಹಿಡಿದವನು ಎಂಬ ಹೆಸರು ಅವನಿಗೆ ಬಂತು. ಅವನು ಎದುರಾಡಲಿಲ್ಲ. ಆ ಹುಚ್ಚು ಈ ರೋಗಕ್ಕಿಂತ ವಾಸಿ ಅಂತ ಒಮ್ಮೆ ನನಗೆ ಹೇಳಿದ.

ಉಳಿದದ್ದು ಸುಲಿಯುವ ಕೆಲಸ. ಮೊನೆ ತಗುಲಿದರೆ ಗೊತ್ತಾಗದ ಕೈಯಲ್ಲಿ ದಿನಕ್ಕೆ ನೂರಾರು ಕಾಯಿ ಸುಲಿಯಬೇಕಾದವನು ಅವನು. ಕೈಗವಸು ಬೇಕು. ಆದರೆ ಎಂಟು ಜನರಲ್ಲಿ ಒಬ್ಬ ಮಾತ್ರ ಕೈಗವಸು ಹಾಕಿ ಕೂತರೆ?

ಮೇಷ್ಟ್ರ ಜೊತೆ ಸಂಸ್ಥೆಗೆ ಹೋದದ್ದು ಆಗ. ಬಾಡಿಗೆಯ ಎರಡು ಕೋಣೆ, ಹಿತ್ತಲಲ್ಲಿ ತಗಡಿನ ಮಾಡು. ಮಾಡಿನ ಕೆಳಗೆ ರೋಗಿಗಳಿಗೆ ಮೆತ್ತನೆಯ ಚಪ್ಪಲಿ ಹೊಲಿಯುವ ಕೆಲಸ. ತಿಂಗಳಿಗೊಮ್ಮೆ ಜೀಪಿನಲ್ಲಿ ಬರುವ ವಯಸ್ಸಾದ ವೈದ್ಯರು. ನಮ್ಮ ಊರುಗಳಲ್ಲಿ ದಾನಕ್ಕೆ ಕೊರತೆಯಿರಲಿಲ್ಲ. ಕಣ್ಣಿನ ಶಿಬಿರ ಎಂದರೆ ಅಕ್ಕಿ, ಕಾಯಿ, ಬೆಲ್ಲ ಗಾಡಿಯಲ್ಲಿ ಬರುತ್ತಿತ್ತು, ಕೊಟ್ಟವರ ಹೆಸರು ಮೈಕಿನಲ್ಲಿ ಕೂಗುತ್ತಿದ್ದರು. ಈ ಸಂಸ್ಥೆಗೆ ಕೊಡುವ ಕೆಲವರೂ, ಕೊಟ್ಟು, "ನಮ್ಮ ಹೆಸರು ಎಲ್ಲೂ ಹೇಳಬೇಡಿ" ಎನ್ನುತ್ತಿದ್ದರಂತೆ. ವಾಸಿಯಾದವರನ್ನು ವೇದಿಕೆ ಹತ್ತಿಸುವ ಹಾಗೂ ಇಲ್ಲ. ಕೆಲಸ ಚೆನ್ನಾಗಿ ಆಯಿತು ಎಂದರೆ ಅದು ಯಾರಿಗೂ ಕಾಣಲಿಲ್ಲ ಎಂದೇ ಅರ್ಥ.

ಒಬ್ಬ ರೋಗಿಗೆ ಎಂಟು ಜೊತೆ ಕೈಗವಸು ಎಂದಾಗ ಅಲ್ಲಿಯ ಒಬ್ಬ ಸದಸ್ಯರು ಒಪ್ಪಲಿಲ್ಲ. ಚರ್ಮ, ರಬ್ಬರು ಎಲ್ಲ ಅಳೆದು ಬಳಸುವ ಕಾಲ. ಮಿಕ್ಕ ಏಳು ಜೊತೆಯ ಚರ್ಮದಲ್ಲಿ ಏಳು ಜನರ ಕಾಲಿಗೆ ಚಪ್ಪಲಿಯಾಗುತ್ತದೆ ಅಂದರು. ಅವರ ಮಾತು ತಪ್ಪಾಗಿರಲಿಲ್ಲ. ವೈದ್ಯರು ಹೇಳಿದರು: "ಒಂದೇ ಜೊತೆ ಕೊಟ್ಟರೆ ಅದು ಕೈಗವಸಲ್ಲ, ಹಣೆಪಟ್ಟಿ. ಎಂಟು ಹೊಲಿಯಿರಿ."

ಹೊಲಿದವರು ಮಾಡಿನ ಕೆಳಗೆ ಚಪ್ಪಲಿ ಹೊಲಿಯುತ್ತಿದ್ದ ಹಿರಿಯರೊಬ್ಬರು. ಹಿಂದೆ ಅದೇ ಸಂಸ್ಥೆಯಲ್ಲಿ ವಾಸಿಯಾದವರು. ಚಿಕಿತ್ಸೆ ತಡವಾಗಿತ್ತು, ನಾಲ್ಕು ಬೆರಳು ಮೊಟಕಾಗಿದ್ದವು. ಮೊದಲು ಹೊಲಿದ ಕೈಗವಸು ಪೂರ್ತಿ ಮುಚ್ಚುವಂಥದ್ದು. ಕಾಯಿ ಜಾರುತ್ತದೆಂದು ಗುಂಪು ಅರ್ಧ ದಿನದಲ್ಲಿ ಬಿಚ್ಚಿ ಎಸೆಯಿತು. ಹಿರಿಯರು ತೋಟಕ್ಕೆ ಬಂದು ನೋಡುವ ಹಾಗಿರಲಿಲ್ಲ. ಅವರ ಬೆರಳು ಕಂಡರೆ ಸಾಕು, ಎಲ್ಲ ಬಯಲು. ಮೇಷ್ಟ್ರು ಒಂದು ಸುಲಿಯುವ ಮೊನೆ, ಎರಡು ಚೀಲ ಕಾಯಿ ಸಂಸ್ಥೆಗೇ ಸಾಗಿಸಿದರು. ಹಿರಿಯರು ಹಿತ್ತಲಲ್ಲಿ ಮೊನೆ ನೆಟ್ಟು, ತಮ್ಮ ಮೊಟಕು ಬೆರಳಿನಲ್ಲಿ ಒಂದು ವಾರ ಕಾಯಿ ಸುಲಿದು ಕಲಿತರು. ಎಲ್ಲಿ ಹಿಡಿತ ಬೇಕು, ಎಲ್ಲಿ ಮೊನೆ ತಗುಲುತ್ತದೆ ಎಂದು ಸುಣ್ಣದಲ್ಲಿ ಅಂಗೈ ಮೇಲೆ ಗುರುತು ಹಾಕಿಕೊಂಡರು. ಎರಡನೆಯ ಸಲ ಹೊಲಿದದ್ದರಲ್ಲಿ ಹೆಬ್ಬೆರಳು, ತೋರುಬೆರಳು ಬರಿದು. ಹೊರ ಅಂಚಿಗೆ, ಕಿರುಬೆರಳ ಕಡೆಗೆ ಮಾತ್ರ ಎರಡು ಪದರ ಚರ್ಮ, ನಡುವೆ ರಬ್ಬರು. ನಾನು ಅದನ್ನು ಹಾಕಿ ನೋಡುತ್ತಿದ್ದಾಗ ಅವರು ಹೇಳಿದ್ದು: "ಆ ಹುಡುಗ ಯಾರೋ ನಂಗೊತ್ತಿಲ್ಲ. ನನ್ನವು ಹೋದ್ವು, ಅವನವು ಇರ್ಲಿ."

ಎಂಟು ಜೊತೆ ಗುಂಪಿಗೆ ಹೋಯಿತು. ಸಾಕಷ್ಟು ತಮಾಷೆಯಾಯಿತು. ಆದರೆ ಮೇಸ್ತ್ರಿ ಮೊದಲು ಹಾಕಿಕೊಂಡ. ಉಳಿದವರು ಗೊಣಗಿದಾಗ "ಹಾಕ್ಕಳ್ದೋನು ನನ್ ಗುಂಪಲ್ಲಿಲ್ಲ, ಅಷ್ಟೆಯ" ಅಂದುಬಿಟ್ಟ. ಇವನಿಗೇಕೆ ಇಷ್ಟು ಉತ್ಸಾಹ ಎಂದು ನನಗೆ ಆಶ್ಚರ್ಯವಾಗಿತ್ತು. ಈ ಸಲವೂ ನಾನು ಏಕೆ ಎಂದು ಕೇಳಲಿಲ್ಲ.

ಎರಡು ವರ್ಷವಾದ ಮೇಲೆ ಒಂದು ದಿನ ಮೇಸ್ತ್ರಿ ಒಬ್ಬನೇ ಮೆಟ್ಟಿಲು ಹತ್ತಿ ಬಂದ. ಕೂರು ಅಂದರೂ ನಿಂತೇ ಇದ್ದ.

"ಸ್ವಾಮಿ, ಅವ್ನಿಗೆ ವಾಸಿಯಾಯ್ತದಾ?"

"ಯಾರಿಗೆ? ಏನು?"

"ಬುಡಿ ಸ್ವಾಮಿ. ನನ್ತಾವ ಯಾಕೆ ಮುಚ್ಚಿಡ್ತೀರಿ?"

ನನಗೇನೂ ಗೊತ್ತಿಲ್ಲ ಎನ್ನುವುದು ಸುಳ್ಳು. ಗೊತ್ತು ಎನ್ನುವುದು ಮಾತು ಮುರಿಯುವುದು. "ಅವನನ್ನೇ ಕೇಳಪ್ಪ" ಅಂದೆ.

"ಕೇಳಂಗಿದ್ರೆ ಇಲ್ಲಿಗ್ಯಾಕ್ ಬತ್ತಿದ್ದೆ?" ಎಂದವನು ಬಾಗಿಲ ಚೌಕಟ್ಟಿಗೆ ಒರಗಿದ. "ಅವತ್ತು ಆ ಯಪ್ಪ ಪೆನ್ನಲ್ಲಿ ಮುಟ್ದಾಗ ನಂದು ಮುಗ್ಸಿ ಅವ್ನ ಪಕ್ಕದಲ್ಲೇ ಬಂದ್ ಕುಂತಿದ್ದೆ. ಮೂರ್ ದಪ ಮುಟ್ಟುದ್ರು. ಇವ್ನು 'ಮುಟ್ಟಿ' ಅಂತಾನೆ. ನಂಗೆ ಎದೆ ಧಸಕ್ ಅಂತು. ನಮ್ಮ ಚಿಕ್ಕಪ್ಪುಂಗೂ ಹಿಂಗೇ ಆಗಿತ್ತು ಸ್ವಾಮಿ. ಊರಾಚೆ ಗುಡ್ಲು ಹಾಕಿ ಮಡಗಿದ್ರು. ಅನ್ನ ತಗಂಡ್ ಹೋಗ್ತಿದ್ದೋನು ನಾನೇಯ. ದೂರದಾಗೆ ಇಟ್ಟು ಓಡ್ ಬತ್ತಿದ್ದೆ. ಒಂದಿನಾನೂ ಹತ್ರ ಹೋಗ್ಲಿಲ್ಲ" ಅಂದ.

ಎರಡು ವರ್ಷ ಮೇಸ್ತ್ರಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಕೈಗವಸನ್ನು ಎಲ್ಲರಿಗೂ ಹಾಕಿಸಿದ್ದು, ಇವನು ನನ್ನ ಕೋಣೆಗೆ ಬರುವಾಗೆಲ್ಲ ಕೆಳಗೆ ನಿಂತು ಎಲ್ಲರಿಗಿಂತ ಜೋರಾಗಿ "ಫೋಟೋ ಹಾಕ್ಸು" ಅಂತ ಕೂಗಿದ್ದು, ಎಲ್ಲದಕ್ಕೂ ಕಾರಣವಿತ್ತು. ಅವನನ್ನೂ ಅವನ ಹೆಂಡತಿಯನ್ನೂ ಬಿಟ್ಟರೆ ಊರಲ್ಲಿ ಗುಟ್ಟು ಕಾಯುತ್ತಿರುವವರು ನಾವಿಬ್ಬರೇ ಎಂದು ನಾನೂ ಮೇಷ್ಟ್ರೂ ತಿಳಿದಿದ್ದೆವು.

ಮೇಸ್ತ್ರಿಯ ಪ್ರಶ್ನೆಯನ್ನು ಮೇಷ್ಟ್ರಿಗೆ ಮುಟ್ಟಿಸಿದೆ. ಮುಂದಿನ ಸಂತೆಯ ದಿನ ಮೇಷ್ಟ್ರು ಸೈಕಲ್ ಶಾಪಿನ ಮುಂದೆ ಮೇಸ್ತ್ರಿಯ ಎದುರು ನಿಂತು, ಯಾವ ಪೀಠಿಕೆಯೂ ಇಲ್ಲದೆ, "ಗ್ಲೌಸು ಹೀಗೇ ಹಾಕಿಸ್ತಾ ಇರು, ಕೈ ಚೆನ್ನಾಗಿರ್ತವೆ" ಅಂದರು. ಅವನು "ಆಯ್ತು ಮೇಷ್ಟ್ರೇ" ಅಂದ. ಅಷ್ಟೇ.

ಇನ್ನೂ ಮೂರು ವರ್ಷ ಕಳೆಯಿತು. ಮಚ್ಚೆ ಕ್ರಮೇಣ ಮೈಬಣ್ಣಕ್ಕೆ ತಿರುಗಿತು. ವೈದ್ಯರು ಕಡೆಯ ಸಲ ನೋಡಿ, ಮಾತ್ರೆ ನಿಲ್ಲಿಸಿ, ಚೀಟಿಯ ಮೇಲೆ ಅಡ್ಡಗೆರೆ ಎಳೆದರು. ಹತ್ತೂ ಬೆರಳು ಉಳಿದಿದ್ದವು. ಬಲಗೈಯ ಕಿರುಬೆರಳು ಕೊಂಚ ಬಾಗಿತ್ತು. ಆ ಅಂಚಿಗೆ ಸ್ಪರ್ಶ ಮರಳಲಿಲ್ಲ. ಮರಳುವುದಿಲ್ಲ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು.

ಅಂದು ಮೇಷ್ಟ್ರನ್ನು ಕೇಳಿದೆ, ಈಗಲಾದರೂ ಬರೆಯಲೇ ಎಂದು. "ಸಂಸ್ಥೆ ಬಗ್ಗೆ ಬೇಕಾದರೆ ನಾಲ್ಕು ಸಾಲು ಬರೀರಿ. ಅವನ ಬಗ್ಗೆ ಒಂದ್ಸಲ ಬರೆದಿದ್ದೀರಲ್ಲ, ಸಾಕು" ಎಂದು ನಕ್ಕರು. ಸಂಸ್ಥೆಯ ಬಗ್ಗೆ ಬರೆದೆ. ಡೆಸ್ಕಿನಲ್ಲಿ ಸ್ವಾರಸ್ಯವಿಲ್ಲವೆಂದು ಮೊಟಕುಗೊಳಿಸಿ ಒಳಪುಟದ ಮೂಲೆಯಲ್ಲಿ ಹಾಕಿದರು. ಯಾರೂ ಅದರ ಮಾತೆತ್ತಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಧಾರಣೆಯ ವಿಚಾರಕ್ಕೆ ಒಂದು ತೋಟಕ್ಕೆ ಹೋದಾಗ ಆ ಗುಂಪು ಅಲ್ಲಿತ್ತು. ಎಂಟೂ ಜನರ ಕೈಯಲ್ಲಿ ಕೈಗವಸು, ಹಳೆಯದಾಗಿ, ತೇಪೆ ಬಿದ್ದು. ಮೇಷ್ಟ್ರು ಈಗ ತರುತ್ತಿರಲಿಲ್ಲ; ಹರಿದರೆ ತಾವೇ ತಿಪಟೂರಿನಲ್ಲಿ ಹೊಲಿಸಿಕೊಳ್ಳುತ್ತಿದ್ದರು. ಚಹಾದ ಹೊತ್ತಾಯಿತು. ಕರಟದ ಬೆಂಕಿ ಉರಿಯುತ್ತಿತ್ತು. ಬಿಟ್ಟುಹೋದ ಒಬ್ಬನ ಜಾಗಕ್ಕೆ ಕಂದಿಕೆರೆ ಕಡೆಯಿಂದ ಹೊಸದಾಗಿ ಸೇರಿದ್ದ ನಡುವಯಸ್ಸಿನವನೊಬ್ಬ ಬೀಡಿ ತುಟಿಗಿಟ್ಟು ಅವನ ಕಡೆ ತಿರುಗಿದ.

"ಏನಣ್ಣ, ನೀನು ಕೆಂಡ ಕೈಯಾಗ್ ಹಿಡೀತಿದ್ದಂತೆ? ಪೇಪರ್ನಾಗೂ ಬಂದಿತ್ತಂತೆ? ಹಿಡಿ ನೋಡಾನ, ನಾನೂ ಒಂದು ಹಚ್ಕತೀನಿ."

ಗುಂಪಿನ ಹಳಬರು ನಕ್ಕರು. ಅವರಿಗೆ ಅದು ಹಳೆಯ ಹೆಮ್ಮೆ. ಅವನು ಕೈಗವಸು ಬಿಚ್ಚಿ ಪಕ್ಕದಲ್ಲಿಟ್ಟಿದ್ದ. ಬೆಂಕಿಯನ್ನೊಮ್ಮೆ, ತನ್ನ ಅಂಗೈಯನ್ನೊಮ್ಮೆ ನೋಡಿದ. ನನ್ನ ಕಡೆ ನೋಡಲಿಲ್ಲ.

"ಕೈ ಸುಡ್ತದೆ ಕಣಪ್ಪ" ಅಂದ.

ಮೇಸ್ತ್ರಿ ಸೊಂಟದಿಂದ ಬೆಂಕಿಪೊಟ್ಟಣ ತೆಗೆದು ಹೊಸಬನ ಮಡಿಲಿಗೆ ಎಸೆದ.